ಚರಗದ ಬುಟ್ಟಿ

ಗುರುವಾರ ಮಧ್ಯಾಹ್ನ ಕಲಬುರಗಿಯಿಂದ ಅಫಜಲಪುರಕ್ಕೆ ಹೊರಡುವ ಬಸ್ಸಿನಲ್ಲಿ ಎಡಗಡೆಯ ಮೂರನೆಯ ಸೀಟು ಶಿವಕಾಂತಾಳದ್ದು. ಯಾರೂ ಬರೆದುಕೊಟ್ಟದ್ದಲ್ಲ, ಹನ್ನೆರಡು ವರ್ಷ ತಪ್ಪದೆ ಕೂತು ಗಳಿಸಿದ್ದು. ಕಂಡಕ್ಟರ್ ಸಲಾವುದ್ದೀನ ಈಗ ಆಕೆಯ ಆಧಾರ ಕಾರ್ಡು ಕೇಳುವುದೂ ಇಲ್ಲ. ಹೆಂಗಸರ ಪುಕ್ಕಟೆ ಟಿಕೀಟು ಹರಿದು ಕೈಗಿಟ್ಟು ಮುಂದೆ ಹೋಗುತ್ತಾನೆ. ಆದರೆ ಎಳ್ಳಮಾವಾಸ್ಯೆಯ ಹಿಂದಿನ ದಿನ ಅವನು ಅಲ್ಲಿಯೇ ನಿಂತುಬಿಟ್ಟ. ಆಕೆಯ ತೊಡೆಯ ಮೇಲೆ ಅಡ್ಡಲಾಗಿ, ಪಕ್ಕದವರ ಗದ್ದಕ್ಕೆ ತಾಗುವಷ್ಟು ಉದ್ದದ ಸುರುಳಿಯೊಂದಿತ್ತು.

“ಅಕ್ಕಾರ, ಇದೇನ್ ತೊಗೊಂಡ್ ಹೊಂಟೀರಿ? ಪೈಪ್ ಏನ್ರಿ?”

“ಫ್ಲೆಕ್ಸ್ ಅದಪ್ಪ. ನಮ್ಮನಿಯವರ ಫೋಟೋ ಅದ ಇದರಾಗ.”

“ಅಣ್ಣಾರು ಎಲೆಕ್ಷನ್‌ಗೆ ನಿಂತಾರೇನ್ರಿ?”

“ಅದಕ್ಕಿಂತ ದೊಡ್ಡ ಕೆಲಸ ಮಾಡ್ಯಾರ. ಮಣ್ಣೂರಾಗ ಬನ ಬೆಳಸ್ಯಾರಂತ.”

ಅರ್ಧ ಬಸ್ಸು ನಕ್ಕಿತು. ಆ ದಾರಿಯಲ್ಲಿ ಓಡಾಡುವ ಮಂದಿಗೆ, ಆಕೆಯ ಅತ್ತೆಯ ಹೆಸರು ಹೊತ್ತ ನಿಂಬೆವ್ವನ ಬನ ಯಾರ ಕೈಯಿಂದ ಎದ್ದದ್ದೆಂದು ಹೇಳಿಕೊಡಬೇಕಾಗಿರಲಿಲ್ಲ. ಸಲಾವುದ್ದೀನ ಮಾತ್ರ ನಗಲಿಲ್ಲ. ಬಾಗಿ ಮೆಲ್ಲಗೆ ಕೇಳಿದ: “ಮತ್ತ ನೀವ್ ಏನೂ ಅನ್ನಲಿಲ್ಲೇನ್ರಿ ಅಕ್ಕಾರ?”

“ನಾಳಿಗೆ ಗೊತ್ತಾಗ್ತದ,” ಎಂದಳು ಶಿವಕಾಂತಾ. ನಗುವಾಗ ತಾನೂ ನಕ್ಕಿದ್ದಳು. ಬಸ್ಸು ಚೌಡಾಪುರ ದಾಟುವ ಹೊತ್ತಿಗೆ ಆ ನಗುವೆಲ್ಲ ಇಳಿದು ಒಳಗೆ ಉರಿ ಉಳಿದಿತ್ತು.

ಆ ಉರಿ ಏನೆಂದು ತಿಳಿಯಬೇಕಾದರೆ ಇಪ್ಪತ್ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು. ಶಿವಕಾಂತಾ ಅಪ್ಪಟ ಶಹರದ ಹುಡುಗಿ. ಅಪ್ಪ ಕಲಬುರಗಿಯ ಬ್ರಹ್ಮಪುರದಲ್ಲಿ ಹೊಲಿಗೆ ಮಷೀನು ದುರಸ್ತಿ ಮಾಡುತ್ತಿದ್ದ. ಹೊಲ ಎಂಬುದನ್ನು ಆಕೆ ನೋಡಿದ್ದು ಬಸ್ಸಿನ ಕಿಟಕಿಯಿಂದ, ಅದೂ ಎರಡು ಸಲ. ಇಪ್ಪತ್ತು ತುಂಬುತ್ತಿದ್ದಂತೆ ಭೀಮಾ ದಂಡೆಯ ಮಣ್ಣೂರಿನ ಗುರುಶಾಂತನಿಗೆ ಕೊಟ್ಟರು. ಮದುವೆಯಾದ ವರ್ಷವೇ ಎಳ್ಳಮಾವಾಸ್ಯೆ ಬಂತು.

ಆ ದಿನ ಈ ಸೀಮೆಯಲ್ಲಿ ಊರಲ್ಲಿ ನಾಯಿ ಸಹ ಉಳಿಯುವುದಿಲ್ಲ, ಎಲ್ಲರೂ ಹೊಲದಲ್ಲಿ. ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಕೂಡಿಸುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಹತ್ತೆಂಟು ಕಾಳು ಕಾಯಿಪಲ್ಯ ಕೂಡಿಸಿದ ಬಜ್ಜಿ ಎಡೆ ಹಿಡಿಯುತ್ತಾರೆ. ಆಮೇಲೆ ಎಡೆಯನ್ನೆಲ್ಲ ಕಲಸಿ ಬುಟ್ಟಿಗೆ ಹಾಕಿ, ಹೊಲದ ಯಜಮಾನ ಮುಂದೆ ನಡೆಯುತ್ತ ಬೆಳೆಗೆ ಉಣಿಸಿದಂತೆ ಹಿಡಿ ಹಿಡಿಯಾಗಿ ಚೆಲ್ಲುತ್ತಾನೆ. ಅದಕ್ಕೆ ಚರಗ ಎನ್ನುತ್ತಾರೆ. ಅವನ ಹಿಂದೆ ಇನ್ನೊಬ್ಬರು ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ಬರಬೇಕು. ಉಂಡವರಿಗೆ ನೀರು ಬೇಡವೇ? ಭೂಮಿತಾಯಿಯೂ ಉಂಡವಳೇ.

ಆ ದಿನ ಅತ್ತೆ ನಿಂಬೆವ್ವ ಒಲೆಯ ಮುಂದಿನಿಂದ ಕೂಗಿ ಹೇಳಿದಳು: “ಬುಟ್ಟಿಯಾಗ ಇದ್ದದ್ದೆಲ್ಲಾ ಕಲಸ ಬೇ, ಹೊತ್ತಾತು.” ಹೊಸ ಸೊಸೆ ಅಕ್ಷರಶಃ ಪಾಲಿಸಿದಳು. ಬುಟ್ಟಿಯ ಮೂಲೆಯಲ್ಲಿ ಬಟ್ಟೆಯ ಗಂಟೊಂದಿತ್ತು. ನಿಂಬೆವ್ವ ವರ್ಷವಿಡೀ ಕೂಡಿಟ್ಟ ಹುಣಸೆ, ಸೀತಾಫಲ, ಬಾರಿ ಎಂಬ ಬೋರೆಹಣ್ಣಿನ ಬೀಜ ಅದರಲ್ಲಿದ್ದವು. ನಿಂಬರ್ಗಾದ ತಮ್ಮನಿಗೆ ಬದುವಿಗೆ ಹಾಕಲು ಕಳಿಸಬೇಕೆಂದು ಇಟ್ಟುಕೊಂಡಿದ್ದಳು. ಶಿವಕಾಂತಾ ಗಂಟು ಬಿಚ್ಚಿ, ಇದೂ ಪದ್ಧತಿಯೇ ಇರಬೇಕೆಂದು, ಕಡಬಿನ ಜೊತೆ ಬೀಜವನ್ನೂ ಹಸನಾಗಿ ಕಲಸಿಬಿಟ್ಟಳು. ಗುರುಶಾಂತ ಅರ್ಧ ಹೊಲ ಚೆಲ್ಲಿದ ಮೇಲೆ ಕೈಗೆ ಕಲ್ಲಿನಂಥದ್ದೇನೋ ಹತ್ತುತ್ತದಲ್ಲ ಎಂದು ನೋಡಿದ. ಹೊತ್ತು ಮೀರಿತ್ತು. ಅರ್ಧಕ್ಕೆ ನಿಲ್ಲಿಸುವಂತಿಲ್ಲವೆಂದು ಉಳಿದದ್ದನ್ನು ಹೊಲದಂಚಿನ ಕೊರಕಲಿನತನಕ ಚೆಲ್ಲಿ ಬಂದ.

ಅಕ್ಕಪಕ್ಕದ ಹೊಲದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪುಷ್ಯ ಮಾಸ ಕಾಲಿಡುವ ಹೊತ್ತಿಗೆ ಯಾರಾದರೂ ಬಿತ್ತುತ್ತಾರೆಯೇ? “ಶಹರದಾಕಿ ಚರಗದಾಗ ಬಿತ್ಯಾಳ” ಎಂಬ ಮಾತು ಆ ಸಂಜೆಗೇ ಊರು ಸುತ್ತಿತು. ಗುರುಶಾಂತನ ಕಿವಿ ಕೆಂಪಾಯಿತು. ಹಿಂದೆ ತಂಬಿಗೆ ಹಿಡಿದು ನಡೆಯುತ್ತಿದ್ದ ಶಿವಕಾಂತಾಳ ಕಣ್ಣೀರು ತಂಬಿಗೆಯ ನೀರಿನ ಜೊತೆಗೇ ನೆಲಕ್ಕೆ ಬಿತ್ತು.

ಮುಂದಿನ ಮಳೆಗಾಲಕ್ಕೆ ಬೀಜ ಎದ್ದವು. ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಎದ್ದಂಥವು ಕುಂಟೆಗೆ ಸಿಕ್ಕು ಹೋದವು. ಹೊಳೆಯ ಕಡೆಯ ಮೂರೆಕರೆ ಕೊರಕಲಿನಲ್ಲಿ, ಕಲ್ಲು ಕಂಟಿ ಬಿಟ್ಟು ಏನೂ ಬೆಳೆಯದ ನೆಲದಲ್ಲಿ, ಎದ್ದಂಥವು ಉಳಿದವು. ಅಂದು ಬೀಜ ಹಾಳಾದವೆಂದು ಬೈದಿದ್ದ ಅತ್ತೆಯೇ ಸೊಸೆಯ ಕೈ ಹಿಡಿದು ಕರೆದೊಯ್ದು ತೋರಿಸಿದಳು. “ನೋಡು ಬೇ, ನಿನ್ನ ಬಿತ್ತಿಗಿ. ನಮ್ಮ ಮಾವ ಸಾಯೂತನಕ ದುಡದರೂ ಇಲ್ಲಿ ಒಂದು ಗಿಡ ಎಬ್ಬಿಸಾಕ ಆಗಿರಲಿಲ್ಲ.” ಆ ಮಾತನ್ನು ಶಿವಕಾಂತಾ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಎರಡು ವರ್ಷಕ್ಕೆ ಗುರುಶಾಂತ ಹೊಲವನ್ನು ಪಾಲಿಗೆ ಹಾಕಿ, ಕಲಬುರಗಿಯ ಶಹಾಬಜಾರಿನಲ್ಲಿ ನೋಟಬುಕ್ಕು, ಪೆನ್ನು, ಭೂಪಟ ಮಾರುವ ಅಂಗಡಿ ಹಾಕಿದ. ಮಗಳು ವಿಜಯಶ್ರೀ ಹುಟ್ಟಿದಳು. ಅಂಗಡಿ ನಿಂತಿತು, ಮನೆ ನಡೆಯಿತು. ಬಜಾರದಲ್ಲಿ ನಾಲ್ಕು ಮಂದಿ ಗುರುಶಾಂತನನ್ನು ‘ಸಾವಕಾರ’ ಎನ್ನತೊಡಗಿದರು. ಕೊರಕಲಿನ ಗಿಡಗಳಿಗೆ ಆಡು ಬಾಯಿ ಹಾಕುತ್ತಿದ್ದವು, ಅವು ಮತ್ತೆ ಚಿಗುರುತ್ತಿದ್ದವು.

ಹದಿನಾಲ್ಕು ವರ್ಷದ ಹಿಂದೆ ನಿಂಬೆವ್ವ ಬಿದ್ದು ಟೊಂಕದ ಎಲುಬು ಮುರಿದುಕೊಂಡಳು. ಶಹರಕ್ಕೆ ಬಾ ಎಂದರೆ ಬರಲೊಲ್ಲಳು. “ಅಲ್ಲಿ ಗ್ವಾಡಿ ನೋಡ್ಕೋತ ಸಾಯಂಗಿಲ್ಲ ನಾ” ಎಂದು ಒಂದೇ ಹಟ. ಒಂದು ತಿಂಗಳ ಮಟ್ಟಿಗೆಂದು ಶಿವಕಾಂತಾ ಹೋದಳು. ಅತ್ತೆಯ ಹೊರಸನ್ನು ಕೊರಕಲಿನ ಹುಣಸೆಯ ಕೆಳಗೆ ಹಾಕಿದಳು. ಮುದುಕಿ ಮಲಗಿದಲ್ಲಿಂದಲೇ ಹೇಳುವುದು, ಸೊಸೆ ಮಾಡುವುದು: ಇಲ್ಲಿ ಬೇವು ಹಚ್ಚು, ಅಲ್ಲಿ ಒಡ್ಡು ಹಾಕು, ಆ ಬಾರಿ ಗಿಡದ ಮುಳ್ಳು ಕಡಿದು ಬೇಲಿ ಕಟ್ಟು. ಬೇಸಿಗೆಯಲ್ಲಿ ಹೊಳೆಯಿಂದ ದಿನಕ್ಕೆ ನಲವತ್ತು ಕೊಡ ನೀರು ಹೊತ್ತಳು. ಹೊಲಿಗೆ ಮಷೀನಿನವನ ಮಗಳ ಹೆಗಲು ಜಡ್ಡುಗಟ್ಟಿತು. ಒಂದು ತಿಂಗಳು ಎರಡು ವರ್ಷವಾಯಿತು. ನಿಂಬೆವ್ವ ಆ ನೆರಳಲ್ಲೇ ಕಣ್ಣು ಮುಚ್ಚಿದಳು. ಅವರ ಪದ್ಧತಿಯಂತೆ ಸ್ವಂತ ನೆಲದಲ್ಲೇ ಮಣ್ಣು ಮಾಡಿದರು.

ದಿನಕರ್ಮ ಮುಗಿದ ಮೇಲೆ ಗುರುಶಾಂತ “ಆತಲ್ಲ, ಇನ್ನ ನಡಿ ಮನಿಗೆ” ಎಂದ. ಹೋದಳು. ಶಹರದ ಮನೆಯಲ್ಲಿ ಹನ್ನೊಂದು ದಿನ ಇದ್ದಳು. ಹನ್ನೆರಡನೆಯ ದಿನ ಗುರುವಾರ. ಮುಂಜಾನೆ ಮೂವತ್ತು ಖಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ ಡಬ್ಬಿಗೆ ತುಂಬಿಟ್ಟು, “ಐತವಾರ ಸಂಜಿಗೆ ಬರ್ತೇನಿ” ಎಂದು ಬಸ್ಸು ಹತ್ತಿದಳು. ಅಂದಿನಿಂದ ಅದೇ ನೇಮ. ಗುರುವಾರ ಮಧ್ಯಾಹ್ನದವರೆಗೆ ಶಹರ, ಆಮೇಲೆ ಬನ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂದು ನೆಂಟರು ಆಡಿಕೊಂಡರು. ಆಡಿಕೊಳ್ಳುವವರಿಗೆ ಒಂದು ಸಂಗತಿ ಗೊತ್ತಿರಲಿಲ್ಲ: ಇಷ್ಟು ವರ್ಷದಲ್ಲಿ ಆ ಮನೆಯ ರೊಟ್ಟಿಯ ಡಬ್ಬಿ ಒಂದು ದಿನವೂ ಬರಿದಾಗಿರಲಿಲ್ಲ. ವಿಜಯಶ್ರೀ ಅರ್ಧ ಅಭ್ಯಾಸ ಬಸ್ಸಿನಲ್ಲೇ ಮಾಡಿ, ಗೀಜಗನ ಗೂಡು ಎಣಿಸುತ್ತ ಬೆಳೆದು, ಇಂದು ಕಲಬುರಗಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಹೆಂಡತಿ ಎರಡು ಕಡೆ ಬಾಳಿದರೆ ಮನೆ ಒಡೆಯುತ್ತದೆ ಎಂದವರು ಬಂದು ಆ ಹುಡುಗಿಯನ್ನು ನೋಡಲಿ.

ಭೀಮೆಗೆ ಮಹಾಪೂರ ಬಂದ ವರ್ಷ ಊರು ಬಾಯಿ ಮುಚ್ಚಿತು. ಮೇಲಿನವರ ಹೊಲ, ಕೆಳಗಿನವರ ಹೊಲ ಎರಡೂ ಮಾರುಗಟ್ಟಲೆ ಕುಸಿದು ಹೊಳೆಗೆ ಹೋದವು. ನಡುವಿನ ಕೊರಕಲು ಬೇರು ಹಿಡಿದು ನಿಂತಿತು. ನೀರು ಇಳಿದ ಮೇಲೆ, ಒಂದು ಕಾಲದಲ್ಲಿ ನಕ್ಕವರೇ ಬೀಜ ಕೇಳಲು ಬಂದರು. ಶಿವಕಾಂತಾ ಕೊಟ್ಟಳು, “ಚರಗದಾಗ ಕಲಸಿ ಚೆಲ್ರಿ” ಎಂದು ಹೇಳಿಯೇ ಕೊಟ್ಟಳು.

ಬನದಲ್ಲಿ ಎರಡು ದಿನ ಇದ್ದು ಹೋಗಲು ಮಗಳ ಗೆಳತಿಯರು ಮೊದಲು ಬಂದರು. ಆಮೇಲೆ ಅವರ ಮನೆಯವರು, ಆಮೇಲೆ ಸೊಲ್ಲಾಪುರದವರು. ಮೂರು ಮಣ್ಣಿನ ಕೋಣೆ ಎದ್ದವು. ಟಿವಿ ಇಲ್ಲ, ಸೌಂಡ್ ಬಾಕ್ಸ್ ಇಲ್ಲ. ಬನದಲ್ಲಿ ಅಡುಗೆಗಿದ್ದ ಊರಿನ ಬಾಳಮ್ಮನ ಬಿಸಿ ರೊಟ್ಟಿ, ಪುಂಡಿಪಲ್ಯ, ಹುಣಸೆಯ ಕೆಳಗೆ ಹೊರಸು. ಬಂದವರು ಮೊದಲ ತಾಸು ಫೋನು ಹಿಡಿದು ಸಿಗ್ನಲ್ ಹುಡುಕುತ್ತಾರೆ, ಎರಡನೆಯ ತಾಸಿಗೆ ಗೊರಕೆ ಹೊಡೆಯುತ್ತಾರೆ. ಹೋಗುವಾಗ ಮುಂದಿನ ಸಲದ ಮಾತಾಡಿಯೇ ಹೋಗುತ್ತಾರೆ. ಬಾಗಿಲಲ್ಲಿ ಹಲಗೆ ಬರೆಸುವಾಗ ವಿಜಯಶ್ರೀ ಅವ್ವನ ಹೆಸರು ಹಾಕೋಣವೆಂದಳು. ಶಿವಕಾಂತಾ ಒಪ್ಪದೆ ‘ನಿಂಬೆವ್ವನ ಬನ’ ಎಂದು ಬರೆಸಿದಳು.

ಇಷ್ಟರಲ್ಲಿ ಗುರುಶಾಂತ ಎಲ್ಲಿದ್ದ? ಅಂಗಡಿಯಲ್ಲಿದ್ದ. ಕೆಟ್ಟವನಲ್ಲ, ಅಂಜುಬುರುಕ. ವರ್ಷಕ್ಕೊಮ್ಮೆ ಎಳ್ಳಮಾವಾಸ್ಯೆಗೆ ಬಂದು, ಗಂಡಸೆಂದು ಬುಟ್ಟಿ ಹಿಡಿದು ಮುಂದೆ ನಡೆದು ಚರಗ ಚೆಲ್ಲಿ, ಉಂಡು, ಸಂಜೆಯ ಬಸ್ಸು ಹಿಡಿಯುತ್ತಿದ್ದ. ಬನದಲ್ಲಿ ಒಂದು ರಾತ್ರಿ ಉಳಿದವನಲ್ಲ. ಮೊದಮೊದಲು ಬಜಾರದವರು “ಮನಿಯವರು ಕಾಣವಲ್ರಲ್ಲ” ಎಂದರೆ “ತವರಿಗೆ ಹೋಗ್ಯಾಳ” ಎನ್ನುತ್ತಿದ್ದ. ತವರು ಮೂರು ಓಣಿ ಆಚೆ ಇತ್ತು! ಆಮೇಲೆ ಮೊಣಕಾಲಿನ ಔಷಧಕ್ಕೆ ಹೋಗಿದ್ದಾಳೆ ಎಂದ. ಹೆಂಡತಿ ಅಡವಿಯಲ್ಲಿ ಇರುತ್ತಾಳೆ ಎನ್ನಲು ನಾಚಿಕೆ. ಬನಕ್ಕೆ ಹೋಗಿಬಂದ ಗಿರಾಕಿಗಳು ಅಂಗಡಿಗೆ ಬಂದು ಹೊಗಳತೊಡಗಿದ ಮೇಲೆ ಅದೇ ಬಾಯಿ ತಿರುಗಿತು. ಯಾರೋ “ನಿಮ್ದೇ ಏನ್ರಿ ಅದು?” ಎಂದರು, “ಹೌದ್ರಿ” ಎಂದ. “ನೀವೇ ಬೆಳಸೀರೇನ್ರಿ?” ಎಂದರು. ಅಲ್ಲಿ ಒಂದು ಉಸಿರಿನಷ್ಟು ತಡೆದಿದ್ದರೆ ಸಾಕಿತ್ತು. ತಡೆಯಲಿಲ್ಲ.

ಬುಧವಾರ ಶಿವಕಾಂತಾ ಬುತ್ತಿ ತೆಗೆದುಕೊಂಡು ಅಂಗಡಿಗೆ ಹೋದಾಗ, ಕಟ್ಟೆಯ ಮೇಲೆ ಅರಿವೆ ವ್ಯಾಪಾರಿ ದೌಲತರಾಯರು ಕೂತಿದ್ದರು. ಬಜಾರದ ವ್ಯಾಪಾರಿಗಳ ಸಂಘಕ್ಕೆ ಅವರೇ ಅಧ್ಯಕ್ಷರು. ಅವರ ಕಾಲ ಬುಡದಲ್ಲಿ ಆಗತಾನೇ ಛಾಪಿಸಿ ತಂದ ಫ್ಲೆಕ್ಸ್ ಹಾಸಿತ್ತು. ಗುರುಶಾಂತನ ಮುಖ ಹಪ್ಪಳದಷ್ಟು ದುಂಡಗೆ ಮೂಡಿತ್ತು. ಕೆಳಗೆ ‘ಬರಡು ನೆಲದಲ್ಲಿ ಬನ ಬೆಳೆಸಿದ ಹಸಿರು ಸಾಧಕ ಶ್ರೀ ಗುರುಶಾಂತ ಅವರಿಗೆ ಅಭಿನಂದನೆಗಳು’ ಎಂದು ಬರೆದಿತ್ತು.

“ಬರ್ರಿ ಅಕ್ಕಾರ, ಬರ್ರಿ! ನಿಮ್ಮ ಯಜಮಾನ್ರು ಇಂಥಾ ಹಿರೇಮನಿಷಾ ಅಂತ ನಮಗ ಗೊತ್ತೇ ಇರಲಿಲ್ಲ ನೋಡ್ರಿ. ಈ ಎಳ್ಳಮಾವಾಸಿಗೆ ನಮ್ಮ ಸಂಘದವರೆಲ್ಲಾ ನಿಮ್ಮ ಬನಕ್ಕೇ ಬರಾಕತ್ತೇವಿ. ಅಲ್ಲೇ ಶಾಲು ಹೊದಿಸಿ ಸನ್ಮಾನ ಮಾಡ್ತೇವಿ.”

ಶಿವಕಾಂತಾ ಫ್ಲೆಕ್ಸನ್ನು ತಲೆಯಿಂದ ಬುಡದತನಕ ಓದಿದಳು. ಗಂಡನ ಮುಖ ನೋಡಿದಳು. ಆತ ರಬ್ಬರಿನ ಡಬ್ಬಿಯಲ್ಲಿ ಏನನ್ನೋ ಹುಡುಕುತ್ತಿದ್ದ.

“ಭಾಳ ಛಲೋ ಆತ್ರಿ. ಇದನ್ನ ನಾನೇ ಬಸ್ಸಿನ್ಯಾಗ ತೊಗೊಂಡ್ ಹೋಗ್ತೇನಿ, ನಿಮಗ ಯಾಕ ತ್ರಾಸ,” ಎಂದಳು.

ದೌಲತರಾಯರು ಹೋದ ಮೇಲೆ ಗುರುಶಾಂತ ತಾನಾಗಿಯೇ ಬಾಯಿ ಬಿಟ್ಟ. “ಒಂದು ಮಾತು ಬಾಯಿ ತಪ್ಪಿ ಬಂತು ಶಿವಕಾಂತಾ. ಅದು ಬೆಳಕೋತ ಬೆಳಕೋತ ಇಲ್ಲೀತನ ಬಂತು. ಈಗ ಅಲ್ಲ ಅಂದ್ರ ಬಜಾರದಾಗ ನನ್ನ ಇಜ್ಜತ್ ಉಳೀತದೇನು?”

“ಮತ್ತ ನಂದು?”

ಆತ ರಬ್ಬರಿನ ಡಬ್ಬಿಯ ಮುಚ್ಚಳ ಮುಚ್ಚಿದ, ಮತ್ತೆ ತೆರೆದ.

“ತವರಿಗೆ ಹೋಗ್ಯಾಳ ಅಂದ್ರಿ, ಸುಮ್ಮನಿದ್ದೆ. ಮೊಣಕಾಲ ಹೋಗ್ಯಾವ ಅಂದ್ರಿ, ಸುಮ್ಮನಿದ್ದೆ. ಅದೇ ಮೊಣಕಾಲ ಮ್ಯಾಲ ನಿಂತು ನಲವತ್ತು ಕೊಡ ನೀರು ಹೊತ್ತೇನಿ. ನನಗ ಶಾಲು ಬ್ಯಾಡ್ರಿ. ಬನ ನಿಂದು ಅಂತ ಒಂದು ಮಾತು ನಿಮ್ಮ ಬಾಯಿಂದ ನಾಕ ಮಂದಿ ಮುಂದ ಕೇಳಬೇಕಂತ ಹದಿನಾಕ ವರ್ಷದಿಂದ ಕಾಯಾಕತ್ತೇನಿ. ನೀವು ಅದನ್ನೂ ನಿಮ್ಮ ಫೋಟೋದ ಬುಡಕ ಛಾಪಿಸಿದ್ರಿ.”

ದನಿ ಏರಿರಲಿಲ್ಲ. ಅಷ್ಟಕ್ಕೇ ಗುರುಶಾಂತ ಬೆವೆತಿದ್ದ. ಆಕೆ ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ಮುಂದಿಟ್ಟಳು. “ಚರಗದ ಬುಟ್ಟಿ ಪ್ರತಿ ವರ್ಷ ನೀವೇ ಹಿಡದೀರಿ, ಗಂಡಸರ ಪದ್ಧತಿ ಅಂತ ನಾ ಏನೂ ಅಂದಿಲ್ಲ. ಈ ವರ್ಷ ಮಾತ್ರ ಬನ ಬೆಳಸಿದವರೇ ಹಿಡೀಬೇಕು. ಮಂದಿ ಮುಂದ ಏನರ ಹೇಳ್ರಿ, ಭೂಮಿತಾಯಿ ಮುಂದ ಸುಳ್ಳು ಹೇಳಿ ಕೈ ಎತ್ತಬ್ಯಾಡ್ರಿ. ಏನ್ ಮಾಡ್ತೀರೋ ವಿಚಾರ ಮಾಡ್ರಿ. ಈಗ ಉಣ್ರಿ, ಆರ್ತದ.”

ಹೀಗೆ ಫ್ಲೆಕ್ಸು ಬಸ್ಸು ಹತ್ತಿ ಮಣ್ಣೂರಿಗೆ ಬಂತು.

ಶುಕ್ರವಾರ ಮುಂಜಾನೆ ಅದನ್ನು ಬಿಚ್ಚಿ ನೋಡಿದ ಬಾಳಮ್ಮ ಮೂಗಿನ ಮೇಲೆ ಬೆರಳಿಟ್ಟಳು. ವಿಜಯಶ್ರೀಗಂತೂ ಸಿಟ್ಟು ನೆತ್ತಿಗೇರಿತು. “ಯವ್ವ, ಕತ್ತರಿ ಕೊಡು ಇಲ್ಲಿ. ಚೂರು ಚೂರು ಮಾಡ್ತೇನಿ.”

“ಮುಟ್ಟಬ್ಯಾಡ. ಕಟ್ಟು ಅದನ್ನ, ಎರಡು ಹುಣಸಿ ನಡುವ. ಕಾಣುವಂಗ ಕಟ್ಟು.”

“ಅಪ್ಪ ಸುಮ್ಮನ ಶಾಲು ಹೊತಗೊಂಡು ಹೋದ್ರ?”

“ಹೋಗ್ಲಿ. ಅವರ ಬಾಯಿಂದ ಬಂದ ಸುಳ್ಳು ಅವರ ಬಾಯಿಂದನ ಹೋಗಬೇಕು. ನಾವು ಹರದ್ರ ಫ್ಲೆಕ್ಸ್ ಹರೀತದ, ಮಾತು ಹರಿಯಂಗಿಲ್ಲ.” ಹಾಗೆ ಹೇಳಿದಳಾದರೂ ಬಜ್ಜಿ ತಿರುವುವಾಗ ಆಕೆಯ ಕೈ ಎರಡು ಸಲ ಬೋಗುಣಿಯ ಅಂಚಿಗೆ ತಾಗಿತು.

ಹನ್ನೊಂದಕ್ಕೆ ಎರಡು ಕ್ರೂಸರ್ ಗಾಡಿ ಬಂದವು. ಸಂಘದವರು, ಅವರ ಹೆಂಡತಿ ಮಕ್ಕಳು, ಎಲ್ಲ ಸೇರಿ ಮೂವತ್ತು ಮಂದಿ. ಎದೆಮಟ್ಟ ಜೋಳ, ಕೊಯ್ಲಿಗೆ ಬಂದ ತೊಗರಿ ದಾಟಿ ಬನದೊಳಗೆ ಕಾಲಿಟ್ಟ ಕೂಡಲೇ ಅಷ್ಟೂ ಮಂದಿಯ ದನಿ ತಾನಾಗಿ ತಗ್ಗಿತು. ಹಾಗೆ ಆಗುವುದನ್ನು ಶಿವಕಾಂತಾ ಪ್ರತಿ ಸಲ ನೋಡುತ್ತಾಳೆ, ಪ್ರತಿ ಸಲ ಆಕೆಯ ಎದೆ ಒಂದು ಗೇಣು ಎತ್ತರವಾಗುತ್ತದೆ. ಇಂದೂ ಆಯಿತು. ಸಿಟ್ಟಿನ ನಡುವೆಯೂ ಆಯಿತು. ಬೆಳವಕ್ಕಿ ಕೂಗುತ್ತಿತ್ತು. ಕೆಳಗೆ ಭೀಮೆ ತೆಳ್ಳಗೆ ಹರಿಯುತ್ತಿತ್ತು.

ಗುರುಶಾಂತ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದಿದ್ದ. ಫ್ಲೆಕ್ಸಿನಲ್ಲಿದ್ದ ತನ್ನ ಮುಖವನ್ನು ಒಮ್ಮೆ ನೋಡಿ, ಸಾಲ ಕೊಟ್ಟವನನ್ನು ಕಂಡವನಂತೆ ಬದಿಗೆ ಹಾಯ್ದು, ಒಬ್ಬನೇ ಅವ್ವನ ಸಮಾಧಿಯ ಕಡೆ ಹೋದ. ಅಲ್ಲಿ ಬಹಳ ಹೊತ್ತು ನಿಂತಿದ್ದ. ಸಮಾಧಿಯ ಸುತ್ತ ಸೆಗಣಿ ಸಾರಿಸಿ ರಂಗೋಲಿ ಹಾಕಿತ್ತು, ಹಾಕಿದವರು ಯಾರೆಂದು ಆತ ಕೇಳಬೇಕಾಗಿರಲಿಲ್ಲ. ಒಲೆಯ ಬಳಿ ಕೂತಿದ್ದ ಶಿವಕಾಂತಾಳಿಗೆ ಆತನ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನಿನಿಂದ ಏನು ತಿಳಿಯುತ್ತದೆ?

ಐದು ಕಲ್ಲಿನ ಪೂಜೆಯಾಯಿತು. ದೌಲತರಾಯರು ಚೀಲದಿಂದ ಶಾಲು, ಹಾರ ಹೊರತೆಗೆದರು. “ಮೊದಲ ಸನ್ಮಾನ ಮುಗಿಸಿ ಬಿಡೂನ್ರಿ, ಆಮ್ಯಾಗ ಚರಗ, ಆಮ್ಯಾಗ ಊಟ.”

“ಇಲ್ರಿ,” ಎಂದ ಗುರುಶಾಂತ. “ಮೊದಲ ಚರಗ.”

ಶಿವಕಾಂತಾ ಎಡೆಯನ್ನೆಲ್ಲ ಕಲಸಿ ಬುಟ್ಟಿ ತುಂಬಿ ತಂದಳು. ಬುಟ್ಟಿಯನ್ನು ಯಾರ ಕೈಗೂ ಕೊಡಲಿಲ್ಲ. ಕಲ್ಲುಗಳ ಮುಂದೆ ನೆಲಕ್ಕಿಟ್ಟು, ಪಕ್ಕದಲ್ಲಿ ತಂಬಿಗೆ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು. ವಿಜಯಶ್ರೀ ಅವ್ವನ ಮೊಳಕೈ ಹಿಡಿದುಕೊಂಡಳು.

“ಯಜಮಾನ್ರು ಮುಂದ ನಡೀರಿ!” ಎಂದು ದೌಲತರಾಯರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

ಗುರುಶಾಂತ ಬಾಗಿ ಬುಟ್ಟಿ ಎತ್ತಿಕೊಂಡ. ಆಯಿತು, ಇಲ್ಲಿಗೆ ಮುಗಿಯಿತು ಎಂದುಕೊಂಡಳು ಶಿವಕಾಂತಾ. ಆತ ಒಂದು ಹಿಡಿ ತೆಗೆದ. ಕೈ ಎತ್ತಿದ. ಎತ್ತಿದ ಕೈ ಹಾಗೆಯೇ ನಿಂತಿತು. ಮುಷ್ಟಿ ಬಿಚ್ಚಿ ನೋಡಿದ. ಕಡಬಿನ ಚೂರಿನ ನಡುವೆ ನಾಲ್ಕಾರು ಹುಣಸೆ ಬೀಜ ಕಪ್ಪಗೆ ಮಿಂಚುತ್ತಿದ್ದವು. ಅವು ಆತನಿಗೆ ಹೊಸವಲ್ಲ. ಆಕೆ ಪ್ರತಿ ವರ್ಷ ಕಲಸುತ್ತಿದ್ದಳು, ಆತ ಪ್ರತಿ ವರ್ಷ ಚೆಲ್ಲುತ್ತಿದ್ದ. ಆ ಮೊದಲ ವರ್ಷದ ನಂತರ ಆತ ಮುಷ್ಟಿ ಬಿಚ್ಚಿ ನೋಡಿದ್ದು ಈಗಲೇ.

“ದೌಲತರಾಯ್ರ, ಎಲ್ಲಾರೂ ಜರಾ ಕೇಳ್ರಿ,” ಎಂದ. “ನಾ ನಿಮಗ ಸುಳ್ಳು ಹೇಳೇನಿ. ಈ ಬನದಾಗ ಒಂದು ಗಿಡಕ್ಕರ ಒಂದು ತಂಬಿಗಿ ನೀರು ನಾ ಹಾಕಿಲ್ಲ. ಇಪ್ಪತ್ತೊಂಬತ್ತು ವರ್ಷದ ಹಿಂದ ಈಕಿ ಚರಗದಾಗ ಬೀಜ ಕಲಸಿದಾಗ ಊರು ನಕ್ಕಿತು. ಊರ ಮಂದಿ ಜೋಡಿ ನಾನೂ ನಾಚಕೊಂಡೆ. ಆಮ್ಯಾಗ ಹದಿನಾಕ ವರ್ಷ ಈಕಿ ಇಲ್ಲಿ ದುಡದಾಳ, ನಾ ಅಲ್ಲಿ ಹೆಂಡತಿ ಎಲ್ಲಿದ್ದಾಳಂತ ಹೇಳಾಕ ಅಂಜೇನಿ. ನಮ್ಮವ್ವ ಕಡೀಕ ಕಣ್ಣು ಮುಚ್ಚಿದ್ದು ಈಕಿ ಕೈಯಾಗ. ಬನ ಈಕೀದು. ಬೆಳಸಿದಾಕಿ ಈಕಿ. ನಾ ಬರೇ ಈಕಿ ಗಂಡ.”

ದೌಲತರಾಯರು ಒಮ್ಮೆ ಶಾಲನ್ನು, ಒಮ್ಮೆ ಫ್ಲೆಕ್ಸನ್ನು ನೋಡಿದರು. ಪಾಪ, ಅವರ ತಪ್ಪೇನಿತ್ತು? “ಅಲ್ರೀ ಸಾವಕಾರ, ಮತ್ತ ಈ ಫ್ಲೆಕ್ಸ್ ಏನ್ ಮಾಡೂದ್ರಿ?”

“ಬಿಚ್ಚಿ ಬೋರಲ ಹಾಸ್ರಿ. ಮ್ಯಾಲ ಕೂತು ಉಣ್ಣೂನು.”

ಮೊದಲು ನಕ್ಕವಳು ಬಾಳಮ್ಮ. ಅವಳ ಹಿಂದೆ ಮೂವತ್ತು ಮಂದಿ ನಕ್ಕರು. ಆ ನಗೆಯ ನಡುವೆ ಗುರುಶಾಂತ ನಾಲ್ಕು ಹೆಜ್ಜೆ ನಡೆದು ಬಂದು ಬುಟ್ಟಿಯನ್ನು ಹೆಂಡತಿಯ ಕೈಗೆ ಕೊಟ್ಟ. ತಿರುಗಿ ಹೋಗಿ ನೆಲದ ಮೇಲಿದ್ದ ತಂಬಿಗೆ ಎತ್ತಿಕೊಂಡ. ಗಂಡಸರು ಕೆಲವರು ಮುಖ ಮುಖ ನೋಡಿಕೊಂಡರು. ಹೆಂಗಸು ಬುಟ್ಟಿ ಹಿಡಿದು ಮುಂದೆ, ಗಂಡಸು ನೀರು ಹಿಡಿದು ಹಿಂದೆ! ಆದರೆ ನಿಂಬೆವ್ವ ಅಲ್ಲೇ ಮಲಗಿದ್ದಳು, ಬೇಡವೆನ್ನುವುದಿದ್ದರೆ ಆಕೆ ಅನ್ನಬೇಕಿತ್ತು.

ಶಿವಕಾಂತಾ ಸೆರಗು ಸೊಂಟಕ್ಕೆ ಸಿಗಿಸಿದಳು. ಕಣ್ಣು ಮಂಜಾಗಿದ್ದವು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಒರೆಸಿಕೊಳ್ಳುವ ಮನಸ್ಸೂ ಇರಲಿಲ್ಲ. ಮೊದಲ ಹಿಡಿಯನ್ನು ಅತ್ತೆಯ ಸಮಾಧಿಯ ಕಡೆ ಚೆಲ್ಲಿ ಎದೆ ತುಂಬ ಕೂಗಿದಳು: “ಹುಲ್ಲುಲ್ಲಿಗೋ…” ಚರಗ ಚೆಲ್ಲುವಾಗಿನ ಆ ಕೂಗು ಆ ನೆಲದಲ್ಲಿ ಅದುವರೆಗೆ ಗಂಡಸರ ಗಂಟಲಿನಿಂದಷ್ಟೇ ಎದ್ದದ್ದು. ವಿಜಯಶ್ರೀ ಎತ್ತಿಕೊಂಡಳು. ಬಜಾರದ ಮಂದಿಯೆಲ್ಲ ದನಿಗೂಡಿಸಿದರು. ಹುಣಸೆ ದಾಟಿ, ಸೀತಾಫಲ ದಾಟಿ, ಬೇವಿನ ಸಾಲು ದಾಟಿ ಆಕೆ ಕೊರಕಲಿನ ಅಂಚಿಗೆ ಬಂದಳು. ಒಂದು ಕಾಲದಲ್ಲಿ ಕಲ್ಲು ಕಂಟಿಯಷ್ಟೇ ಇದ್ದ ಆ ದಂಡೆಯಲ್ಲಿ ಈಗ ಕಾಲಿಗೆ ಮೆತ್ತಗೆ ಎಲೆ ಹತ್ತುತ್ತಿದ್ದವು.

ಹಿಂದೆ ಬುಳುಬುಳು ಸಪ್ಪಳ ಕೇಳಿ ತಿರುಗಿದಳು. ಗುರುಶಾಂತ ತಂಬಿಗೆಯನ್ನು ಬೋರಲು ಹಾಕಿದವನಂತೆ ನೀರು ಸುರಿಯುತ್ತ ಬರುತ್ತಿದ್ದ. ಇಸ್ತ್ರಿಯ ಧೋತರ ಮೊಣಕಾಲಿನತನಕ ತೊಯ್ದು ಕಾಲಿಗೆ ಅಂಟಿತ್ತು.

“ಹಂಗ ಸುರೀಬ್ಯಾಡ್ರಿ, ಅರ್ಧಕ್ಕ ತೀರ್ತದ. ಸಣ್ಣಗ ಚಿಮಕಸಬೇಕು.”

“ನನಗ ಹೆಂಗ ಗೊತ್ತು?” ಎಂದ ಗುರುಶಾಂತ. “ಇಷ್ಟು ವರ್ಷ ನೀ ಹಿಂದ ಹೆಂಗ ಚಿಮಕಸ್ಕೋತ ಬರ್ತಿದ್ದಿ, ನಾ ಒಮ್ಮೆರ ತಿರುಗಿ ನೋಡೇನೇನು?”

ಶಿವಕಾಂತಾ ಬುಟ್ಟಿಯನ್ನು ಸೊಂಟಕ್ಕೆ ಏರಿಸಿ, ಆತನ ಕೈ ಹಿಡಿದು ಐದೂ ಬೆರಳು ತಂಬಿಗೆಯೊಳಗೆ ಅದ್ದಿಸಿ, ಹೇಗೆ ಚಿಮುಕಿಸಬೇಕೆಂದು ಒಂದು ಸಲ ತೋರಿಸಿದಳು. ಆಮೇಲೆ ಮುಂದೆ ತಿರುಗಿ ನಡೆದಳು. ಈಗ ಹಿಂದೆ ಹನಿ ಸಣ್ಣಗೆ ಬೀಳುತ್ತಿದ್ದವು.